ಹಿತ್ತಾಳೆ ಬಾಯಿ ಬಿಡುವುದು ತಡವಾಗಿ
ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಚೆಯಲ್ಲಿ ಬಂದೂಕಿನ ಪ್ರಶ್ನೆಗಳೇ ಜಾಸ್ತಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುವವರು, ಜಿಂಕೆ ಬೇಟೆಗೆ ಲೈಸೆನ್ಸ್ ತೆಗೆಸುವವರು ಇದ್ದಾರೆ. ಅವರಲ್ಲಿ ಕೆಲವರು ಹೊಡೆದ ತೋಟೆಯ ಖಾಲಿ ಕೇಸಿಗೆ (ಹಿತ್ತಾಳೆಯ ಕೊಳವೆಗೆ) ಮತ್ತೆ ಪ್ರೈಮರ್ (ಪಿನ್ನಿನ ಏಟಿಗೆ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸಿ ಮನೆಯಲ್ಲೇ ತೋಟೆ ತುಂಬಿಕೊಳ್ಳುತ್ತಾರೆ. ಆ ದೇಶಗಳಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. ನಾನು ಸೋಮವಾರಪೇಟೆ ಕಡೆಯವನು. ಕೆಲಸ ಮಾಡಿದ್ದೆಲ್ಲ ಒಹಾಯೋದಲ್ಲಿ, ಲೋಹ ಪರೀಕ್ಷೆಯ ಲ್ಯಾಬಿನಲ್ಲಿ. ಹಿತ್ತಾಳೆ ಮತ್ತು ಉಕ್ಕು ನನಗೆ ಅನ್ನ ಕೊಟ್ಟ ವಸ್ತುಗಳು. ತೋಟೆ ತುಂಬುವುದು ನಿವೃತ್ತಿಯ ನಂತರವೂ ಬಿಡದೆ ಉಳಿದ ಕೆಲಸ. ಹಾಗಾಗಿ ಸಂಪಾದಕರು ಈ ಕಾಗದಗಳನ್ನೆಲ್ಲ ನನಗೇ ಕಳಿಸಿದ್ದಾರೆ. ಹೆಸರು ಬೇಡ ಅಂದವರೇ ಹೆಚ್ಚು, ಅದಕ್ಕೆ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನದು .308 ವಿಂಚೆಸ್ಟರ್ ಬೋಲ್ಟ್ ರೈಫಲ್, 168 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಮಾನ) ಗುಂಡು. ಜನವರಿಯಲ್ಲಿ ತೋಟೆ ತುಂಬುವ ಕೈಪಿಡಿ ನೋಡಿ ಮದ್ದನ್ನು ಹಂತ ಹಂತವಾಗಿ ಏರಿಸಿ, ಗರಿಷ್ಠಕ್ಕಿಂತ 0.2 ಗ್ರೇನ್ ಕಡಿಮೆಯಲ್ಲಿ ನಿಲ್ಲಿಸಿದೆ. ಗುರಿ ಚೆನ್ನಾಗಿ ಕೂತಿತ್ತು, ಯಾವ ತೊಂದರೆಯೂ ಇರಲಿಲ್ಲ. ಅದೇ ಅಳತೆಯಲ್ಲಿ ತುಂಬಿದ ತೋಟೆಗಳನ್ನು ಜುಲೈನಲ್ಲಿ ರೇಂಜಿಗೆ ಒಯ್ದರೆ ಪ್ರೈಮರ್ ಚಪ್ಪಟೆಯಾಗಿ ಬರುತ್ತಿದೆ. ಬೋಲ್ಟ್ (ತೋಟೆಯ ಹಿಂದೆ ಬಾಗಿಲಂತೆ ಮುಚ್ಚುವ ಉಕ್ಕಿನ ದಂಡ) ಹಿಡಿಯನ್ನು ಅಂಗೈಯಿಂದ ತಟ್ಟಿ ಎತ್ತಬೇಕು. ಕೇಸಿನ ತಳದಲ್ಲಿ ಒಂದು ಹೊಳೆಯುವ ಗುಂಡನೆ ಗುರುತು ಬೇರೆ (ಫೋಟೋ ಇಟ್ಟಿದ್ದೇನೆ). ಪ್ರೈಮರ್ ತೂತಾಗುವವರೆಗೂ ಚಿಂತೆ ಇಲ್ಲ ಅನ್ನುತ್ತಾರೆ ಜೊತೆಯಲ್ಲಿ ಬರುವ ಸ್ನೇಹಿತರು. ಹೌದೇ ಸರ್?
— ಸ್ಯಾನ್ ಆಂಟೋನಿಯೊ, ಟೆಕ್ಸಾಸ್

ಉತ್ತರ: ಅಲ್ಲ. ಆ ಡಬ್ಬಿಯಲ್ಲಿ ಉಳಿದಿರುವ ತೋಟೆಗಳಲ್ಲಿ ಒಂದನ್ನೂ ಹೊಡೆಯಬೇಡಿ. ಗುಂಡು ಕಿತ್ತು, ಮದ್ದು ಸುರಿದು ಬಿಚ್ಚಿಬಿಡಿ. ಮಿಕ್ಕ ಮಾತು ಆಮೇಲೆ.

ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತಳದಲ್ಲಿ ಅಚ್ಚೊತ್ತಿದ ಅಕ್ಷರಗಳ ಮೇಲೆ ಹಾದುಹೋಗುವ ಆ ಗುರುತು ಎಜೆಕ್ಟರಿನದು. ನಿಮ್ಮ ಬೋಲ್ಟಿನ ಮುಖದಲ್ಲಿ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಕಡ್ಡಿ ಇದೆ, ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವುದು ಅದೇ. ಕಡ್ಡಿ ಕೂರುವ ರಂಧ್ರದ ಜಾಗದಲ್ಲಿ ಮಾತ್ರ ಕೇಸಿನ ತಳಕ್ಕೆ ಉಕ್ಕಿನ ಗಟ್ಟಿ ಆಸರೆ ಇಲ್ಲ. ಒತ್ತಡ ಮಿತಿ ಮೀರಿದಾಗ ಹಿತ್ತಾಳೆ ಆ ರಂಧ್ರದೊಳಕ್ಕೆ ಉಬ್ಬುತ್ತದೆ. ನೀವು ಬೋಲ್ಟ್ ಎತ್ತಿ ತಿರುಗಿಸಿದಾಗ ಉಬ್ಬಿದ ತುದಿಯನ್ನು ರಂಧ್ರದ ಅಂಚು ಸವರಿ ಹಾಕುತ್ತದೆ. ಅದಕ್ಕೇ ಅಷ್ಟು ಹೊಳಪು. ಕಿಟಕಿ ಬೆಳಕಿಗೆ ಕೇಸನ್ನು ಓರೆಯಾಗಿ ಹಿಡಿದು ಉಗುರು ಆಡಿಸಿ ನೋಡಿ: ಬರೀ ಉಜ್ಜಿದ ಗುರುತಾಗಿದ್ದರೆ ಉಗುರು ಜಾರುತ್ತದೆ, ಹಿತ್ತಾಳೆ ಎದ್ದಿದ್ದರೆ ಅಂಚಿಗೆ ತಡೆಯುತ್ತದೆ. ನಿಮ್ಮ ಫೋಟೋದಲ್ಲಿ ಅಂಚು ನೆರಳು ಬೀಳುವಷ್ಟು ಎದ್ದಿದೆ.

ಇದು ಎಷ್ಟು ಒತ್ತಡದ ಮಾತು ಅನ್ನುವುದು ಗೊತ್ತಿರಬೇಕು. ಅಮೆರಿಕದ ತೋಟೆ-ಬಂದೂಕು ತಯಾರಕರು 1926ರಲ್ಲಿ ಕಟ್ಟಿಕೊಂಡ ಸಂಸ್ಥೆ ಸಾಮಿ. ಅದು .308 ಬಗೆಯ ತೋಟೆಗೆ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಕೇಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಕೇಸು ತಯಾರಿಸಲು ಲೋಹವನ್ನು ಎಳೆಯುವಾಗ, ಅಚ್ಚೊತ್ತುವಾಗ ತಳದ ಭಾಗ ಗಟ್ಟಿಯಾಗಿರುತ್ತದೆ. ಮಿತಿಯೊಳಗಿನ ಒತ್ತಡಕ್ಕೆ ಅದು ಸ್ವಲ್ಪ ಹಿಗ್ಗಿ, ಒತ್ತಡ ಇಳಿದೊಡನೆ ಕುಗ್ಗಿ, ಚೇಂಬರನ್ನು (ನಳಿಗೆಯಲ್ಲಿ ತೋಟೆ ಕೂರುವ ಜಾಗವನ್ನು) ಬಿಟ್ಟುಕೊಡುತ್ತದೆ. ಕುಗ್ಗಲಾರದಷ್ಟು ಹಿಗ್ಗಿತು ಅಂದರೆ ಕಥೆ ತಿರುಗುತ್ತದೆ. ಉಕ್ಕಿನ ಚೇಂಬರ್ ತನ್ನ ಮೊದಲಿನ ಅಳತೆಗೆ ಮರಳುತ್ತದೆ, ಹಿತ್ತಾಳೆ ಮರಳುವುದಿಲ್ಲ, ಕೇಸು ಒಳಗೆ ಬಿಗಿದು ಕೂರುತ್ತದೆ. ನಿಮ್ಮ ಅಂಗೈ ಬೋಲ್ಟಿನ ಹಿಡಿಯಲ್ಲಿ ಕಂಡದ್ದು ಅದನ್ನೇ. ಎಜೆಕ್ಟರ್ ಗುರುತು ಇಷ್ಟು ಸ್ಪಷ್ಟವಾಗಿ ಮೂಡಲು ಸಾಮಾನ್ಯವಾಗಿ 70,000ದ ಆಸುಪಾಸು ಮುಟ್ಟಿರಬೇಕು. ಅಂದರೆ ನೀವು ನೋಡುತ್ತಿರುವುದು ಅಪಾಯದ ಮುನ್ಸೂಚನೆಯನ್ನಲ್ಲ, ಗಡಿ ದಾಟಿ ಬಂದ ಹೆಜ್ಜೆ ಗುರುತನ್ನು. ನಾನು ಹಿತ್ತಾಳೆ ತಡವಾಗಿ ಬಾಯಿ ಬಿಡುತ್ತದೆ ಅನ್ನುವುದು ಈ ಕಾರಣಕ್ಕೇ.

ಬೋಲ್ಟ್ ಬಿಗಿ ಅನ್ನುವುದನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ತೋಟೆ ಒಳಗೆ ಹಾಕಿ ಮುಚ್ಚುವಾಗಲೂ ಬಿಗಿಯಿತ್ತೇ? ಇದ್ದರೆ ಕೇಸನ್ನು ಡೈಯಲ್ಲಿ (ಹಿಗ್ಗಿದ ಕೇಸನ್ನು ಒತ್ತಿ ಸರಿಪಡಿಸುವ ಅಚ್ಚಿನಲ್ಲಿ) ಸರಿಯಾಗಿ ಅಳತೆಗೆ ತಂದಿಲ್ಲ, ಒತ್ತಡವನ್ನು ದೂರುವ ಹಾಗಿಲ್ಲ. ಮುಚ್ಚುವಾಗ ಸಲೀಸು, ಹೊಡೆದ ಮೇಲೆ ಎತ್ತುವಾಗ ಮಾತ್ರ ಬಿಗಿ ಅಂದರೆ ಅದು ಒತ್ತಡವೇ. ನಿಮ್ಮದು ಎರಡನೆಯದು ಅಂತ ಕಾಗದದಿಂದಲೇ ತಿಳಿಯುತ್ತದೆ.

ಇನ್ನು ಪ್ರೈಮರ್. ಎಲ್ಲರೂ ಮೊದಲು ನೋಡುವುದು ಅದನ್ನೇ, ಆದರೆ ಸಾಕ್ಷಿಗಳಲ್ಲೆಲ್ಲ ನಂಬಿಕೆಗೆ ಕಡಿಮೆಯದು ಅದೇ. ಒಂದು ಕಂಪನಿಯ ಬಟ್ಟಲು ಮೆದು, ಇನ್ನೊಂದರದು ಗಟ್ಟಿ. 60,000ಕ್ಕೂ ಮೇಲೆ ಕೆಲಸ ಮಾಡುವ ತೋಟೆಗಳಲ್ಲಿ ಕಾರ್ಖಾನೆಯ ಸರಕಿನ ಪ್ರೈಮರ್ ಕೂಡ ಸಾಕಷ್ಟು ಚಪ್ಪಟೆಯಾಗಿಯೇ ಬರುತ್ತದೆ. ಅಂಚಿನ ದುಂಡಗಿನ ತಿರುವು ಇನ್ನೂ ಕಾಣುತ್ತಿದೆಯೇ, ಇಲ್ಲ ಲೋಹ ಹರಿದು ಗುಳಿಯ ಅಂಚಿಗೆ ಸೇರಿ ಗೆರೆಯೇ ಅಳಿಸಿಹೋಗಿದೆಯೇ ಅಂತ ನೋಡಬೇಕು. ಫೈರಿಂಗ್ ಪಿನ್ ಗುರುತಿನ ಸುತ್ತ ಬಳೆಯ ಹಾಗೆ ಎದ್ದ ಅಂಚು ಒತ್ತಡದಿಂದ ಬರಬಹುದು, ಪಿನ್ ರಂಧ್ರ ಅಗಲವಾಗಿದ್ದರೆ ಸಾಧಾರಣ ತೋಟೆಯಲ್ಲೂ ಬರುತ್ತದೆ. ಅದಕ್ಕೇ ನಾನು ನಿಮ್ಮ ರೈಫಲ್ಲಿನಲ್ಲಿ ಹೊಡೆದ ಕಾರ್ಖಾನೆ ತೋಟೆಯ ಖಾಲಿ ಕೇಸೊಂದನ್ನು ಯಾವಾಗಲೂ ಪಕ್ಕದಲ್ಲಿಟ್ಟುಕೊಳ್ಳಿ ಅನ್ನುತ್ತೇನೆ, ಅದೇ ಕಂಪನಿಯ ಪ್ರೈಮರ್ ಆದರೆ ಇನ್ನೂ ಒಳ್ಳೆಯದು. ಹೋಲಿಸಿ ನೋಡದೆ ಪ್ರೈಮರ್ ಬಗ್ಗೆ ತೀರ್ಪು ಕೊಡಬಾರದು. ನಿಮ್ಮ ಸ್ನೇಹಿತರು ಹೇಳುವಂತೆ ತೂತಾಗುವವರೆಗೆ ಕಾಯುವುದಂತೂ ಬೇಡವೇ ಬೇಡ. ತೂತಾದ ಪ್ರೈಮರಿನಿಂದ ನುಗ್ಗುವ ಬಿಸಿ ಅನಿಲ ಪಿನ್ನಿನ ದಾರಿ ಹಿಡಿದು ಹಿಂದಕ್ಕೆ, ನಿಮ್ಮ ಕಣ್ಣಿನ ಕಡೆಗೇ ಬರುತ್ತದೆ.

ಪ್ರೈಮರ್ ಮುಖಕ್ಕಿಂತ ಅದು ಕೂರುವ ಗುಳಿ ಹೆಚ್ಚು ಸತ್ಯ ಹೇಳುತ್ತದೆ. ಹೊಸ ಪ್ರೈಮರನ್ನು ಕೈ ಉಪಕರಣದಲ್ಲಿ ಕೂರಿಸುವಾಗ ಹೆಬ್ಬೆರಳಿಗೆ ಒಂದು ಸಮನಾದ ಬಿಗಿ ಸಿಗಬೇಕು, ಕೊನೆಗೆ ತಳ ಮುಟ್ಟಿದ್ದು ಗೊತ್ತಾಗಬೇಕು. ಬಿಗಿಯಿಲ್ಲದೆ ಸರಕ್ಕನೆ ಒಳಗೆ ಹೋಯಿತೋ, ಆ ಕೇಸಿನ ತಳ ಹಿಗ್ಗಿದೆ. ಎರಡು ಮೂರು ಸಲ ತುಂಬುವಷ್ಟರಲ್ಲೇ ಗುಳಿ ಸಡಿಲವಾದರೆ ಆ ಅಳತೆ ನಿಮ್ಮ ರೈಫಲ್ಲಿಗೆ ಹೆಚ್ಚು; ಬೇರೆ ಯಾವ ಗುರುತೂ ಕಾಣದಿದ್ದರೂ ಹೆಚ್ಚೇ. ಸಡಿಲವಾದ ಕೇಸನ್ನು ಇಕ್ಕಳದಲ್ಲಿ ಹಿಸುಕಿ ಗುಜರಿ ಡಬ್ಬಿಗೆ ಹಾಕಿ. ಹಾಗೇ ಹಾಕಿದರೆ ಇನ್ಯಾರೋ ಎತ್ತಿಕೊಂಡು ಹೋಗಿ ತುಂಬುತ್ತಾರೆ.

ಜನವರಿಯಲ್ಲಿ ಇಲ್ಲದ್ದು ಜುಲೈನಲ್ಲಿ ಎಲ್ಲಿಂದ ಬಂತು? ತೋಟೆ ಡಬ್ಬಿ ಕಾರಿನಲ್ಲಿತ್ತು, ರೇಂಜಿನ ಬೆಂಚಿನ ಮೇಲೂ ಬಿಸಿಲಿತ್ತು ಅಂತ ಕಾಗದದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡದ ಶಿಖರ ಎತ್ತರ. ಎಲ್ಲ ಮದ್ದೂ ಒಂದೇ ಅಲ್ಲ. ಹಾಡ್ಜ್‌ಡನ್ ಕಂಪನಿಯ ವಾರ್ಗೆಟ್, ಎಚ್4350ರಂಥವನ್ನು ಬಿಸಿ-ಚಳಿಗೆ ಹೆಚ್ಚು ಜಗ್ಗದಂತೆ ಮಾಡಿದ್ದಾರೆ. ಹಳೆಯ ಬಗೆಯ ಕೆಲವು ಬಾಲ್ ಪೌಡರುಗಳಲ್ಲಿ (ಗುಂಡನೆ ಕಾಳಿನ ಮದ್ದು) ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ವೇಗ ಸೆಕೆಂಡಿಗೆ ಸುಮಾರು ಒಂದು ಅಡಿ ಏರುತ್ತದೆ. ಟೆಕ್ಸಾಸಿನ ಜನವರಿಗೂ ಜುಲೈನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿಗೂ ಇರುವ ಅಂತರ ಲೆಕ್ಕ ಹಾಕಿ. ಗರಿಷ್ಠಕ್ಕೆ 0.2 ಗ್ರೇನ್ ಅಂಚಿನಲ್ಲಿ ನಿಂತವರಿಗೆ ಅಷ್ಟು ಸಾಕು.

ಬಿಸಿಲೊಂದೇ ಅಂತ ಮುಗಿಸಬೇಡಿ. ಫೋಟೋದಲ್ಲಿ ಎರಡು ಬಗೆಯ ಕೇಸು ಕಂಡೆ, ಕೆಲವು ಲೇಕ್ ಸಿಟಿಯ ಮಿಲಿಟರಿ ಕೇಸು, ಕೆಲವು ಅಂಗಡಿಯ ವಿಂಚೆಸ್ಟರ್. 7.62ರ (.308ರ ಮಿಲಿಟರಿ ರೂಪ) ಕೇಸಿನ ಗೋಡೆ ದಪ್ಪ, ತೂಕ ಹೆಚ್ಚು, ಒಳಗಿನ ಜಾಗ ಕಡಿಮೆ. ಅದೇ ಮದ್ದು ಕಡಿಮೆ ಜಾಗದಲ್ಲಿ ಉರಿದರೆ ಒತ್ತಡ ಏರದೆ ಇನ್ನೇನಾದೀತು? ಕೇಸು ಬದಲಾದರೆ, ಪ್ರೈಮರ್ ಬದಲಾದರೆ, ಗುಂಡು ಬದಲಾದರೆ ಮತ್ತೆ ಕೆಳಗಿನಿಂದ ಹತ್ತಿ ಬನ್ನಿ. ತೂಕ 168 ಗ್ರೇನೇ ಆದರೂ ಸೀಸದ ಗುಂಡಿಗೂ ಪೂರಾ ತಾಮ್ರದ ಗುಂಡಿಗೂ ಅಳತೆ ಬೇರೆ. ಕೇಸಿನ ಉದ್ದವನ್ನೂ ಅಳೆಯಿರಿ; .308ರ ಮಿತಿ 2.015 ಇಂಚು. ಅದಕ್ಕಿಂತ ಬೆಳೆದ ಕೇಸಿನ ಬಾಯಿ ನಳಿಗೆಯ ಆರಂಭಕ್ಕೆ ಸಿಕ್ಕಿಕೊಂಡು ಗುಂಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಒತ್ತಡ ಒಮ್ಮೆಲೇ ಹಾರುತ್ತದೆ. ಡೈಗೆ ಸವರಿದ ಎಣ್ಣೆ ಕೇಸಿನ ಮೇಲೆ ಉಳಿದಿದ್ದರೆ ಕೇಸು ಚೇಂಬರಿನ ಗೋಡೆಯನ್ನು ಕಚ್ಚುವುದಿಲ್ಲ, ಏಟೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಒರೆಸಿ.

ಇಷ್ಟು ನೋಡಿದ ಮೇಲೆ ಗರಿಷ್ಠಕ್ಕಿಂತ ಹತ್ತು ಶೇಕಡಾ ಕೆಳಗಿನಿಂದ, 0.3 ಗ್ರೇನ್ ಹಂತದಲ್ಲಿ, ಬೇಸಿಗೆಯಲ್ಲೇ ಹೊಸದಾಗಿ ಏರಿಸಿ ಬನ್ನಿ. ಚಳಿಗಾಲದಲ್ಲಿ ಅದು ತುಸು ನಿಧಾನವಾಗಿ ಹೋಗುತ್ತದೆ, ಅಷ್ಟೇ ತಾನೆ. ಜಿಂಕೆಗೆ ಸೆಕೆಂಡಿಗೆ 40 ಅಡಿಯ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಣ್ಣಂದಾಜಿನ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಅಮೆರಿಕದ ಸೇನೆಯ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಹಳೆಯ ರಿಸೀವರುಗಳು (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟು), ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಾದವುಗಳಲ್ಲಿ 8,00,000ದ ಕೆಳಗಿನ ಸಂಖ್ಯೆಯವು, ಒಡೆಯುವ ಸ್ವಭಾವದವು ಅಂತ ಹೆಸರು ಕೆಡಿಸಿಕೊಂಡಿವೆ. 1917ರ ಹೊತ್ತಿಗೆ ಒಡೆದ ರಿಸೀವರುಗಳ ತನಿಖೆ ನಡೆದಾಗ ಕಾರಣ ಕಮ್ಮಾರಸಾಲೆಯಲ್ಲಿ ಸಿಕ್ಕಿತು. ಕಾದ ಉಕ್ಕಿನ ಬಿಸಿಯನ್ನು ಅನುಭವಿ ಕಮ್ಮಾರರು ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ಬಿಸಿಲು ಜೋರಾಗಿದ್ದ ದಿನ ಅದೇ ಕೆಂಪು ಮಂಕಾಗಿ ಕಾಣುತ್ತದೆ, ಇನ್ನೂ ಕಾಯಲಿ ಅಂತ ಬಿಟ್ಟುಬಿಡುತ್ತಿದ್ದರು. ಉಷ್ಣ ಅಳೆಯುವ ಪೈರೋಮೀಟರ್ ತಂದಿಟ್ಟು ನೋಡಿದರೆ ಬಿಸಿಲ ದಿನಗಳಲ್ಲಿ ಉಕ್ಕು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚು ಕಾದಿತ್ತು. ಆ ಕಮ್ಮಾರರು ಕೆಲಸ ಗೊತ್ತಿಲ್ಲದವರಲ್ಲ, ಅಳತೆಗೆ ಅವರ ಬಳಿ ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರೈಮರ್ ನೋಡಿಯೇ ಒತ್ತಡ ಹೇಳಬಲ್ಲೆ ಅನ್ನುವವರ ಬಳಿ ಇರುವುದೂ ಕಣ್ಣೊಂದೇ. ಕೈಪಿಡಿಯ ಅಂಕಿಗಳು ಹಾಗೆ ಬಂದವಲ್ಲ. ಪರೀಕ್ಷಾ ನಳಿಗೆಗೆ ಒತ್ತಡ ಅಳೆಯುವ ಪೀಜೋ ಸಂವೇದಕ ಕೂರಿಸಿ, ಹೊಡೆದು, ದಾಖಲಿಸಿ ಅಚ್ಚು ಹಾಕಿದ್ದು.

ಪ್ರಶ್ನೆ: ನನ್ನದು ಹಳೆಯ ಲಿವರ್ ಆಕ್ಷನ್ (ಕೆಳಗಿನ ಲಿವರ್ ಆಡಿಸಿ ತೋಟೆ ಏರಿಸುವ) .30-30. ಕೈಪಿಡಿಯ ಗರಿಷ್ಠದಲ್ಲೂ ಪ್ರೈಮರ್ ದುಂಡಗೇ ಇದೆ, ಕೇಸು ಸಲೀಸಾಗಿ ಬರುತ್ತದೆ. ಇನ್ನೊಂದು ಗ್ರೇನ್ ಏರಿಸಿ ನೋಡಬಹುದೇ? ಗುರುತು ಕಂಡಲ್ಲಿ ನಿಲ್ಲಿಸುತ್ತೇನೆ.
— ವಿಸ್ಕಾನ್ಸಿನ್

ಉತ್ತರ: ದಯವಿಟ್ಟು ಬೇಡ. ನಿಮಗೆ ಬಂದಿರುವ ಯೋಚನೆಯಷ್ಟು ಅಪಾಯಕಾರಿಯಾದದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

.30-30ರ ಮಿತಿ 42,000. ಅದರ ಹಿತ್ತಾಳೆಯೂ ಪ್ರೈಮರೂ .308ರಲ್ಲಿ ಇರುವಂಥವೇ. ಆ ಲೋಹ ಗುರುತು ತೋರಿಸಲು ಶುರುಮಾಡುವುದು 65,000-70,000ದ ಹತ್ತಿರ. ಅಂದರೆ ನೀವು ಕಾಯುತ್ತಿರುವ ಗುರುತು ಮೂಡುವಷ್ಟರಲ್ಲಿ ನಿಮ್ಮ ರೈಫಲ್ಲಿನ ಮಿತಿಯ ಒಂದೂವರೆ ಪಟ್ಟು ದಾಟಿರುತ್ತೀರಿ. ಮೊದಲು ಸೋಲುವುದು ತೋಟೆಯಲ್ಲ, ನಿಮ್ಮ ಲಿವರ್ ರೈಫಲ್ಲಿನ ಲಾಕ್. ಬೋಲ್ಟ್ ರೈಫಲ್ಲಿನ ಮುಂದಿನ ಲಗ್ಗುಗಳ (ಬೋಲ್ಟನ್ನು ಬಿಗಿಹಿಡಿಯುವ ಉಕ್ಕಿನ ಹಲ್ಲುಗಳ) ಬಲ ಅದಕ್ಕಿಲ್ಲ.

.45-70 ಇಟ್ಟುಕೊಂಡವರಿಗೂ ಇದೇ ಮಾತು. ಅದರ ಸಾಮಿ ಮಿತಿ 28,000 ಮಾತ್ರ. ಕೈಪಿಡಿಗಳಲ್ಲಿ ಅದಕ್ಕೆ ಮೂರು ಪಟ್ಟಿ ಕೊಟ್ಟಿರುತ್ತಾರೆ: 1873ರ ಟ್ರ್ಯಾಪ್‌ಡೋರ್‌ನಂಥ ಹಳೆಯವಕ್ಕೆ ಒಂದು, ಈಗಿನ ಲಿವರ್ ರೈಫಲ್ಲಿಗೆ ಒಂದು, ರೂಗರ್ ನಂ. 1ರಂಥ ಗಟ್ಟಿ ಸಿಂಗಲ್ ಶಾಟ್‌ಗೆ ಒಂದು. ಮೂರಕ್ಕೂ ಒಂದೇ ಕೇಸು ಆದ್ದರಿಂದ ಮೂರನೆಯ ಪಟ್ಟಿಯ ತೋಟೆ ಟ್ರ್ಯಾಪ್‌ಡೋರಿನೊಳಗೂ ಸಲೀಸಾಗಿ ಕೂರುತ್ತದೆ. ಯಾವ ಪಟ್ಟಿಯದು ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಪ್ರಶ್ನೆ: .30-06ರಲ್ಲಿ ಆರನೆಯ ಸಲ ತುಂಬಿದ ಕೇಸು ಅಡ್ಡಕ್ಕೆ ಸೀಳಿ, ಮುಂದಿನ ಅರ್ಧ ಚೇಂಬರಿನಲ್ಲೇ ಉಳಿಯಿತು. ಅಳತೆ ಮಧ್ಯಮದ್ದು. ಇದು ಒತ್ತಡವೇ?
— ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ

ಉತ್ತರ: ಬಹುಮಟ್ಟಿಗೆ ಅಲ್ಲ, ಹೆಡ್‌ಸ್ಪೇಸಿನ ತಂಟೆ, ಅಂದರೆ ಚೇಂಬರಿನಲ್ಲಿ ಕೇಸಿಗೆ ಹಿಂದೆ ಮುಂದೆ ಸರಿಯಲು ಉಳಿಯುವ ಜಾಗದ್ದು. ನೀವು ಡೈಯನ್ನು ತಳ ಮುಟ್ಟುವಂತೆ ತಿರುಗಿಸಿ ಪ್ರತಿ ಸಲವೂ ಕೇಸಿನ ಭುಜವನ್ನು (ಕೊಳವೆ ಕಿರಿದಾಗುವ ಜಾಗವನ್ನು) ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳುತ್ತಿದ್ದೀರಿ. ಹೊಡೆದಾಗ ಕೇಸಿನ ಮುಂಭಾಗ ಚೇಂಬರಿನ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ, ತಳ ಬೋಲ್ಟಿಗೆ ತಾಗುವವರೆಗೆ ಹಿಂದಕ್ಕೆ ಎಳೆಯಲ್ಪಡುತ್ತದೆ, ನಡುವಿನ ಹಿತ್ತಾಳೆ ಸಣ್ಣಗಾಗುತ್ತದೆ. ಪ್ರತಿ ಸಲವೂ ಇಷ್ಟಿಷ್ಟು. ತಳದಿಂದ ಕಾಲಿಂಚಿಗಿಂತ ತುಸು ಮೇಲೆ, ಸುತ್ತಲೂ ಹೊಳೆಯುವ ಗೆರೆ ಕಾಣಿಸಿಕೊಂಡರೆ ಸೀಳುವ ಕಾಲ ಬಂತು ಅಂತ. ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಸಣ್ಣಗೆ ಬಗ್ಗಿಸಿ, ಕೇಸಿನ ಒಳಗೆ ಇಳಿಸಿ ಗೋಡೆಗೆ ಒತ್ತಿ ಮೇಲಕ್ಕೆ ಎಳೆಯಿರಿ. ಸಣ್ಣಗಾದ ಕಡೆ ತುದಿ ಗಕ್ಕನೆ ತಡೆಯುತ್ತದೆ. ಅಂಥ ಕೇಸು ಎಸೆಯಿರಿ, ಒಂದು ಸಿಕ್ಕರೆ ಅದರ ಜೊತೆಯವನ್ನೆಲ್ಲ ಹೀಗೇ ನೋಡಿ. ಬೋಲ್ಟ್ ರೈಫಲ್ಲಿಗೆ ಭುಜವನ್ನು ಒಂದೆರಡು ಸಾವಿರಾಂಶ ಇಂಚು ಹಿಂದಕ್ಕೆ ತಳ್ಳಿದರೆ ಸಾಕು.

ಅಳತೆ ಕಡಿಮೆಯಾಗಿದ್ದಾಗ ಪ್ರೈಮರ್ ಗುಳಿಯಿಂದ ಅರ್ಧ ಹೊರಗೆ ಬಂದು ನಿಂತಿದ್ದನ್ನೂ ಬರೆದಿದ್ದೀರಿ. ಅದೂ ಈ ಸಂಬಂಧದ್ದೇ. ಒತ್ತಡ ಕಡಿಮೆ, ಜಾಗ ಹೆಚ್ಚು. ಹಿಂದಕ್ಕೆ ಬಂದ ಪ್ರೈಮರನ್ನು ತಳ ಹಿಂದೆ ಸರಿದು ಮತ್ತೆ ಒಳಗೊತ್ತುವಷ್ಟು ಬಲ ಇರಲಿಲ್ಲ. ಹೆಚ್ಚಿನ ಒತ್ತಡವಿದ್ದರೆ ಇದೇ ಪ್ರೈಮರ್ ಒತ್ತಿಸಿಕೊಂಡು ಅಣಬೆಯ ಹಾಗೆ ಚಪ್ಪಟೆಯಾಗಿ ಬರುತ್ತಿತ್ತು, ನೀವು ಒತ್ತಡ ಜಾಸ್ತಿ ಅಂತ ಹೆದರುತ್ತಿದ್ದಿರಿ. ಹಾಗಂತ ಕೈಪಿಡಿಯ ಆರಂಭದ ಅಳತೆಗಿಂತ ಕೆಳಕ್ಕೆ ಇಳಿಯಬೇಡಿ. ನಿಧಾನವಾಗಿ ಉರಿಯುವ ಮದ್ದನ್ನು ದೊಡ್ಡ ಕೇಸಿನಲ್ಲಿ ತೀರಾ ಕಡಿಮೆ ಹಾಕಿದರೂ ರೈಫಲ್ ಒಡೆದ ಪ್ರಸಂಗಗಳಿವೆ.

ಪ್ರಶ್ನೆ: ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ತಂದೆ. .308, 24 ಇಂಚಿನ ನಳಿಗೆ, ಕೈಪಿಡಿಯದ್ದೂ ಅಷ್ಟೇ ಉದ್ದ. ಗರಿಷ್ಠಕ್ಕಿಂತ ಒಂದು ಗ್ರೇನ್ ಕಡಿಮೆ ಇದ್ದೂ ಕೈಪಿಡಿಯ ಗರಿಷ್ಠ ವೇಗಕ್ಕಿಂತ ಸೆಕೆಂಡಿಗೆ 90 ಅಡಿ ಹೆಚ್ಚು ತೋರಿಸುತ್ತಿದೆ. ಹಿತ್ತಾಳೆಯಲ್ಲಿ ಯಾವ ಗುರುತೂ ಇಲ್ಲ. ಒಳ್ಳೆಯ ನಳಿಗೆ ಸಿಕ್ಕಿತು ಅಂದುಕೊಳ್ಳಲೇ? ಮದ್ದು ಇಲ್ಲಿನ ಎಆರ್ 2208.
— ಮೆಲ್ಬರ್ನ್

ಉತ್ತರ: ವೇಗ ಬಿಟ್ಟಿ ಬರುವುದಿಲ್ಲ. ಅದೇ ಗುಂಡು, ಅದೇ ಮದ್ದು, ಅಷ್ಟೇ ಉದ್ದದ ನಳಿಗೆ. ಅದರ ಮೇಲೆ 90 ಅಡಿ ಹೆಚ್ಚು ಅಂದರೆ ಒತ್ತಡ ಹೆಚ್ಚಾಗಿದೆ ಅಂತಲೇ ಲೆಕ್ಕ. ನಳಿಗೆ ಒಂದಿಂಚು ಉದ್ದವಾದರೂ .308ರಲ್ಲಿ ಏರುವುದು 20-25 ಅಡಿ. ಮನೆಯಲ್ಲಿ ತುಂಬುವವನ ಕೈಗೆ ಸಿಗುವ ಸಾಧನಗಳಲ್ಲಿ ಒತ್ತಡದ ಸುದ್ದಿಯನ್ನು ಎಲ್ಲಕ್ಕಿಂತ ಮೊದಲು ತರುವುದು ಕ್ರೋನೋಗ್ರಾಫ್. ನಿಮ್ಮದು ಈಗ ತಂದಿದೆ. ಕೈಪಿಡಿಯ ಗರಿಷ್ಠ ವೇಗ ಮುಟ್ಟಿದಿರೋ, ತಕ್ಕಡಿಯಲ್ಲಿ ಎಷ್ಟೇ ತೋರಲಿ, ಅದೇ ನಿಮ್ಮ ಗರಿಷ್ಠ.

ಮೊದಲು ತಕ್ಕಡಿ ನೋಡಿ. ಗ್ರೇನ್ ಅನ್ನುವುದು ಪೌಂಡಿನ ಏಳು ಸಾವಿರದ ಒಂದು ಭಾಗ. ಡಿಜಿಟಲ್ ತಕ್ಕಡಿ ಫ್ಯಾನ್ ಗಾಳಿಗೆ, ಬೆಚ್ಚಗಾಗುವ ಮೊದಲಿನ ಹೊತ್ತಿಗೆ ಅತ್ತಿತ್ತ ಸರಿಯುತ್ತದೆ. ತೂಕದ ಬಿಲ್ಲೆ ಇಟ್ಟು ಪರೀಕ್ಷಿಸಿ, ತುಂಬುವ ಮುನ್ನವೂ, ಮುಗಿದ ಮೇಲೂ. ಗುಂಡು ನಳಿಗೆಯೊಳಗಿನ ಸುರುಳಿ ಏಣುಗಳಿಗೆ ತಾಗಿ ಕೂತಿದೆಯೇ ಅಂತಲೂ ನೋಡಿ, ಹಾಗಿದ್ದರೂ ಒತ್ತಡ ಏರುತ್ತದೆ.

ಆಮೇಲೆ ಮದ್ದಿನ ಡಬ್ಬಿ. ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾದಲ್ಲಿ ತಯಾರಾಗುವ ಎಆರ್ 2208 ಅಮೆರಿಕದಲ್ಲಿ ವಾರ್ಗೆಟ್ ಅನ್ನುವ ಹೆಸರಲ್ಲಿ ಮಾರಾಟವಾಗುತ್ತದೆ, ಕೈಪಿಡಿಯ ವಾರ್ಗೆಟ್ ಪಟ್ಟಿ ನೋಡಿದ್ದರೆ ಅದು ಸರಿಯೇ. ಆದರೆ ಎಆರ್ 2207 ಅಂದರೆ ಎಚ್4198, ತುಂಬ ಬೇಗ ಉರಿಯುವುದು. ಎಆರ್ 2209 ಅಂದರೆ ಎಚ್4350, ನಿಧಾನದ್ದು. ಒಂದೇ ಅಂಕಿಯ ವ್ಯತ್ಯಾಸ, ಡಬ್ಬಿಗಳು ನೋಡಲು ಅಣ್ಣತಮ್ಮಂದಿರು. 2208ರ ಅಳತೆಯಲ್ಲಿ 2207 ತುಂಬಿದರೆ ಗುರುತು ನೋಡಲು ರೈಫಲ್ ಉಳಿಯದಿರಬಹುದು. ಅಳತೆ ಯಂತ್ರದಲ್ಲಿ ಹಿಂದಿನ ಸಲದ ಮದ್ದು ಉಳಿದಿತ್ತೇ ಅಂತಲೂ ನೆನಪಿಸಿಕೊಳ್ಳಿ. ಖಚಿತವಿಲ್ಲದಿದ್ದರೆ ಆ ಡಬ್ಬಿಯ ಮದ್ದನ್ನು ಬಳಸಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ತಾತನ ಕಾಲದ ಕೇಪಿನ ಕೋವಿಯೂ ಒಂದು ತೋಟಾ ಕೋವಿಯೂ ಇವೆ. ಹಳೆಯ ತೋಟೆ ಬಿಚ್ಚಿ ಆ ಮದ್ದನ್ನು ಕೇಪಿನ ಕೋವಿಗೆ ಹಾಕಿ ಹಬ್ಬಕ್ಕೆ ಗಾಳಿಯಲ್ಲಿ ಒಂದು ಈಡು ಹೊಡೆಯಬಹುದೇ? ಖಾಲಿ ತೋಟೆಗಳನ್ನು ನಾವೇ ತುಂಬಿಕೊಳ್ಳಬಹುದೇ ಅಣ್ಣ?
— ವಿರಾಜಪೇಟೆ

ಉತ್ತರ: ಎರಡಕ್ಕೂ ಬೇಡ ಅಂತಲೇ ಉತ್ತರ. ಮೊದಲನೆಯದಕ್ಕೆ ಕಾರಣ ಜೀವ, ಎರಡನೆಯದಕ್ಕೆ ಕಾನೂನು.

ಕೇಪಿನ ಕೋವಿಯನ್ನು ಮಾಡಿರುವುದು ಕರಿ ಮದ್ದಿಗೆ. ತೋಟೆಯೊಳಗಿನದು ಹೊಗೆಯಿಲ್ಲದ ಮದ್ದು, ನೈಟ್ರೋಸೆಲ್ಯುಲೋಸಿನದು. ಒಂದು ಹಿಡಿಯಷ್ಟೇ ಕಂಡರೂ ಅದರಲ್ಲಿರುವ ಶಕ್ತಿ ಬೇರೆ, ಒತ್ತಡ ಏರುವ ಬಗೆಯೂ ಬೇರೆ. ಕರಿ ಮದ್ದಿನ ಅಳತೆಯಲ್ಲಿ ಅದನ್ನು ಹಾಕಿದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ. ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ದಿನ ಇಂಥದ್ದು ಆಗಬಾರದು. ತಾತನ ಕೋವಿಯಾದ್ದರಿಂದ ನಳಿಗೆಯ ಒಳಗೆ ತುಕ್ಕೂ ಹಿಡಿದಿರಬಹುದು. ತಿಳಿದ ರಿಪೇರಿಯವರು ನೋಡಿ ಹೇಳುವವರೆಗೆ ಅದು ಪೂಜೆಗೆ ಮಾತ್ರ ಇರಲಿ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬೇರೆಯೇ ಪರವಾನಗಿ ಬೇಕು. ಈ ಅಂಕಣದಲ್ಲಿ ಮೇಲೆ ಬರೆದದ್ದನ್ನೆಲ್ಲ ಹೊರದೇಶದಲ್ಲಿರುವ ನಮ್ಮವರಿಗೆ ಅಂತ ಓದಿಕೊಳ್ಳಿ. ನಿಮ್ಮ ಹಳೆಯ ತೋಟೆಗಳಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ಕಾಗದದ ಕೇಸು ಉಬ್ಬಿದ್ದರೆ ಹೊಡೆಯಬೇಡಿ, ಬಿಚ್ಚಲೂ ಬೇಡಿ. ಲೈಸೆನ್ಸ್ ಇರುವ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿ.

ಪ್ರಶ್ನೆ: ನಮ್ಮೆಜಮಾನ್ರು ಗ್ಯಾರೇಜಿನಲ್ಲಿ ಕೂತು ತೋಟೆ ತುಂಬುತ್ತಾರೆ. ನನಗೆ ಇದರ ಗಂಧಗಾಳಿ ಇಲ್ಲ, ಆದರೆ ಭಯ ಇದೆ. ಅವರು ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ಅಂತ ಹೊರಗಿನವಳು ತಿಳಿಯುವುದು ಹೇಗೆ?
— ಡೆನ್ವರ್, ಕೊಲರಾಡೊ

ಉತ್ತರ: ಅಮ್ಮ, ನಿಮ್ಮ ಪ್ರಶ್ನೆ ಓದಿ ತುಂಬ ಸಂತೋಷವಾಯಿತು. ಇದನ್ನು ಪ್ರತಿ ಮನೆಯಲ್ಲೂ ಕೇಳಬೇಕು.

ಗ್ಯಾರೇಜಿಗೆ ಹೋಗಿ ಮೇಜು ನೋಡಿ. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರಬೇಕು, ಬಳಸುತ್ತಿರುವುದು ಮಾತ್ರ. ಎರಡಿದ್ದರೆ ಆ ಕ್ಷಣವೇ ಹೇಳಿ, ಸಂಕೋಚ ಬೇಡ. ಮದ್ದು ಅದು ಬಂದ ಡಬ್ಬಿಯಲ್ಲೇ ಇರಬೇಕು. ಉಪ್ಪಿನಕಾಯಿ ಬಾಟಲಿಗೆ ಸುರಿದಿಟ್ಟಿದ್ದರೆ ತಪ್ಪು. ಟಿವಿ, ಫೋನು ಆ ಮೇಜಿನ ಹತ್ತಿರ ಇರಬಾರದು. ಅಚ್ಚಾದ ಕೈಪಿಡಿಯೊಂದು ತೆರೆದಿರಬೇಕು. ಯಾರೋ ಹೇಳಿದ ಅಳತೆ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ಅದು ಯಾವ ಪುಟದಲ್ಲಿದೆ ತೋರಿಸಿ ಅಂತ ಕೇಳಿ. ಮದ್ದು ಸುರಿದ ಕೇಸುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಹಾಕಿ ಪ್ರತಿಯೊಂದರೊಳಗೂ ಮಟ್ಟ ನೋಡುತ್ತಾರೆಯೇ ಗಮನಿಸಿ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಬಿದ್ದಿದ್ದು ಸಿಕ್ಕಿಬೀಳುವುದು ಅಲ್ಲೇ. ಮಕ್ಕಳ ಕೈಗೆ ಸಿಗದಂತೆ ಬೀಗವಿದೆಯೇ ಅನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪ್ರೈಮರಿನಲ್ಲಿ ಸೀಸದ ಅಂಶ ಇರುತ್ತದೆ. ಊಟಕ್ಕೆ ಬರುವ ಮುನ್ನ ಸೋಪು ಹಾಕಿ ಕೈ ತೊಳೆಯಲಿ.

ತುಂಬಿದ ಪ್ರತಿ ಡಬ್ಬಿಯ ಮೇಲೂ ಚೀಟಿ ಇರಬೇಕು. ದಿನಾಂಕ, ಯಾವ ರೈಫಲ್ಲಿಗೆ, ಗುಂಡಿನ ಹೆಸರು ಮತ್ತು ತೂಕ, ಮದ್ದಿನ ಹೆಸರು ಮತ್ತು ಗ್ರೇನ್, ಪ್ರೈಮರ್, ಕೇಸಿನ ಕಂಪನಿ, ಎಷ್ಟನೆಯ ಸಲ ತುಂಬಿದ್ದು. ಇಷ್ಟೂ ಇಲ್ಲದ ಡಬ್ಬಿ ಸಿಕ್ಕರೆ ಅದನ್ನು ರೇಂಜಿಗೆ ಒಯ್ಯಲು ಬಿಡಬೇಡಿ. ಹೊರಡುವಾಗ ಅವರ ಕನ್ನಡಕವನ್ನೂ ನೋಡಿ. ಓದುವ ಕನ್ನಡಕ ಸಾಲದು, ಏಟು ತಡೆಯುವ ಪಾಲಿಕಾರ್ಬೊನೇಟ್ ಗಾಜಿನದು, ಪಕ್ಕಗಳನ್ನೂ ಮುಚ್ಚುವಂಥದ್ದು ಬೇಕು. ನೀವು ಜೊತೆಯಲ್ಲಿ ಹೋಗುವುದಾದರೆ ನಿಮಗೂ ಒಂದು ತರಿಸಿಕೊಳ್ಳಿ.